ಗೂಡಿನ ಮರಿಗಳ ಮೊರೆ: ಅವು ಬೇಡುವ ವಿಧವೂ ಅದರ ಕಾರಣವೂ



ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಕುದೇರು ಸೀಮೆಯ ಹುಣಿಸೆ, ಬೇವು, ಆಲ ಮೊದಲಾದ ಮರಗಳ ಕೆಳಗೆ ನಡೆದುಹೋಗುವವರು ಮೇಲಿನಿಂದ ಬರುವ ಒಂದು ಸದ್ದನ್ನು ತಪ್ಪದೆ ಕೇಳುವರು. ಸ್ವಲ್ಪ ಹೊತ್ತು ಗೂಡು ನಿಶ್ಶಬ್ದವಾಗಿರುವದು. ತಾಯಿಯೋ ತಂದೆಯೋ ಬಂದು ಗೂಡಿನಂಚಿನಲ್ಲಿ ಕುಳಿತ ಕೂಡಲೆ ಒಮ್ಮೆಲೇ ದೊಡ್ಡ ಗದ್ದಲವೇಳುವದು. ಹಕ್ಕಿಯು ತಂದದ್ದನ್ನು ಕೊಟ್ಟು ಹಾರಿಹೋದ ಮೇಲೆ ಗದ್ದಲವು ಮೆಲ್ಲಮೆಲ್ಲನೆ ಅಡಗುವದು. ಇದು ಮರಿಗಳು ಆಹಾರವನ್ನು ಬೇಡುವ ಕೂಗು. ಎಳೆಯ ಪ್ರಾಯದಿಂದ ಕೇಳುತ್ತಾ ಬಂದಿರುವದರಿಂದ ನಾವು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳುವದು ಅಪರೂಪ. ಆದರೆ ಪೂರ್ವಕಾಲದವರು ಇದಕ್ಕೆ ಕಿವಿಗೊಟ್ಟಿದ್ದರು. ಯೋಬನ ಪುಸ್ತಕದ 38ನೆಯ ಅಧ್ಯಾಯದಲ್ಲಿಯೂ 147ನೆಯ ಕೀರ್ತನೆಯಲ್ಲಿಯೂ ಹಸಿದು ಕೂಗುವ ಕಾಗೆಮರಿಗಳ ಪ್ರಸ್ತಾಪವಿರುವದನ್ನು ವಾಚಕರು ಬಲ್ಲರು.

ಮರಿಗಳು ಯಾಕೆ ಕೂಗುತ್ತವೆ? ಹಸಿವಾದದ್ದರಿಂದ ಎಂದು ಚಿಕ್ಕ ಮಕ್ಕಳೂ ಹೇಳುವರು. ಆದರೆ ಈ ಉತ್ತರದಿಂದ ಎಲ್ಲವೂ ತಿಳಿದಂತಾಗಲಿಲ್ಲ. ತಾಯಿ ತಂದೆಗಳು ಕೂಗದಿದ್ದರೂ ತಂದುಕೊಡುವವಲ್ಲವೇ? ಕೂಗಿದರೆ ಹಾವು, ಬೆಕ್ಕು, ಕೆಂಬೂತಗಳು ಕೇಳಿಸಿಕೊಳ್ಳುವವಲ್ಲವೇ? ಹಸಿವಿಲ್ಲದ ಮರಿಯೂ ಸುಳ್ಳಾಗಿ ಕೂಗಿದರೆ ಯಾರು ತಡೆಯುವರು? ಈ ಪಾಠದಲ್ಲಿ ಇಂಥ ಪ್ರಶ್ನೆಗಳನ್ನು ಒಂದೊಂದಾಗಿ ವಿಚಾರಿಸಿ, ಕೊನೆಗೆ ಮರಿಗಳ ವಿಷಯವಾಗಿ ನಮ್ಮ ಮನೆಗಳಲ್ಲಿ ಹೇಗೆ ನಡೆದುಕೊಳ್ಳತಕ್ಕದ್ದೆಂಬದನ್ನು ನೋಡೋಣ.

1. ಎರಡು ತರದ ಮರಿಗಳು

ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಮುಖ್ಯವಾಗಿ ಎರಡು ತರಗಳುಂಟು. ಕೋಳಿಮರಿಯು ಹೊರಬರುವಾಗಲೇ ಅದರ ಕಣ್ಣು ತೆರೆದಿರುವದು, ಮೈಮೇಲೆ ತುಪ್ಪಟವಿರುವದು. ಮೈ ಒಣಗಿದ ಸ್ವಲ್ಪ ಹೊತ್ತಿನಲ್ಲಿಯೇ ಅದು ಕಾಲೂರಿ ನಡೆಯುವದು. ತಾಯಿಕೋಳಿಯು ನೆಲವನ್ನು ಕೆದಕಿ, ಕಾಳನ್ನು ಕೊಕ್ಕಿನಿಂದ ಎತ್ತಿ ಇಳಿಸಿ, ಕೊಕ್ ಕೊಕ್ ಎಂದು ಕರೆದು ತೋರಿಸುವದೇ ಹೊರತು ಮರಿಯ ಬಾಯೊಳಗೆ ತುರುಕುವದಿಲ್ಲ. ಗೌಜಲಹಕ್ಕಿ, ಬಾತು ಮುಂತಾದವುಗಳ ಮರಿಗಳೂ ಈ ತರದವೇ. ಇಲ್ಲಿ ಕರೆಯುವದು ತಾಯಿ, ಓಡಿಬರುವದು ಮರಿ.

ಗುಬ್ಬಚ್ಚಿ, ಕಾಗೆ, ಗೊರವಂಕ, ಪಿಕಳಾರ, ಗೀಜಗ, ಗಿಳಿ, ಪಾರಿವಾಳ ಇವುಗಳ ಮರಿಗಳು ಹಾಗಲ್ಲ. ಗುಬ್ಬಚ್ಚಿಯ ಮರಿಯು ಹೊರಬರುವಾಗ ಬರಿಮೈಯುಳ್ಳದ್ದು, ಕಣ್ಣು ಮುಚ್ಚಿದ್ದು, ಎದ್ದು ನಿಲ್ಲಲಾರದ್ದು. ಅದರ ತೂಕವು ಎರಡು ಮೂರು ಗ್ರಾಮುಗಳಷ್ಟೇ. ಆದರೂ ಸುಮಾರು ಎರಡು ವಾರಗಳೊಳಗೆ ಅದು ಹತ್ತುಪಾಲು ಬೆಳೆದು, ಗರಿ ತುಂಬಿಕೊಂಡು, ಗೂಡನ್ನು ಬಿಟ್ಟು ಹಾರಬೇಕು. ಕಾಗೆಯ ಮರಿಗೆ ಇದಕ್ಕೆ ಮೂರು ನಾಲ್ಕು ವಾರ ಹಿಡಿಯುವದು. ಇಷ್ಟು ತ್ವರೆಯಾಗಿ ಬೆಳೆಯಬೇಕಾದರೆ ಎಷ್ಟು ಆಹಾರ ಬೇಕು! ಮರಿಗಳು ದೊಡ್ಡವಾಗುತ್ತಾ ಬಂದಾಗ ಗುಬ್ಬಚ್ಚಿಯ ಜೋಡಿಯು ಗಂಟೆಗೆ ಹತ್ತಕ್ಕೂ ಮಿಕ್ಕ ಸಾರಿ ಗೂಡಿಗೆ ಬರುವದುಂಟು.

ಅವು ಮರಿಗಳಿಗೆ ಕೊಡುವದು ಏನೆಂಬದೂ ಗಮನಿಸತಕ್ಕದ್ದು. ಗುಬ್ಬಚ್ಚಿಯೂ ಗೀಜಗವೂ ರಾಗಿ ಜೋಳಗಳ ತೆನೆಗೆ ಎರಗುವ ಹಕ್ಕಿಗಳೆಂದು ನಾವು ಅವನ್ನು ಹೊಲದಿಂದ ಓಡಿಸುತ್ತೇವೆ. ಆದರೆ ಎಳೆಯ ಮರಿಗಳಿಗೆ ಅವು ಹೆಚ್ಚಾಗಿ ಹುಳು, ಮಿಡತೆ, ಜೇಡಗಳನ್ನೇ ಹಿಡಿದು ತರುವವು. ಯಾಕಂದರೆ ಬರೀ ಕಾಳಿನಿಂದ ಎಳೆಯ ಮೈ ಬೆಳೆಯದು. ಹೀಗೆ ಮರಿಯು ಬೇಡುವದರಿಂದ ತಾಯಿಯು ಹೊಲದ ಹುಳುವನ್ನು ಆರಿಸುವಂತಾಗುವದು.

2. ಬೇಡುವ ವಿಧ

ಕಣ್ಣು ಕಾಣದ ಮರಿಗೆ ತಾಯಿ ಬಂದದ್ದು ಹೇಗೆ ತಿಳಿಯುತ್ತದೆ? ಹಕ್ಕಿಯು ಗೂಡಿನಂಚಿನಲ್ಲಿ ಇಳಿದಾಗ ಗೂಡು ಸ್ವಲ್ಪ ಅಲುಗುವದು. ಕೆಲವು ಜಾತಿಗಳಲ್ಲಿ ತಾಯಿಯು ಮೆಲ್ಲನೆ ಒಂದು ಧ್ವನಿಯನ್ನೂ ಮಾಡುವದು. ಇದೇ ಮರಿಗೆ ಸಾಕು. ಒಡನೆ ಅದು ನಡುಗುವ ಕತ್ತನ್ನು ನೆಟ್ಟಗೆ ಮೇಲಕ್ಕೆ ಚಾಚಿ, ತಲೆಗಿಂತಲೂ ದೊಡ್ಡದೋ ಎಂಬಂತೆ ಬಾಯನ್ನು ಅಗಲವಾಗಿ ತೆರೆಯುವದು. ಈ ಪ್ರಾಯದಲ್ಲಿ ಗಾಳಿ ಕೊಂಬೆಯನ್ನು ಅಲುಗಿಸಿದರೂ, ಯಾರಾದರೂ ಬೆರಳಿನಿಂದ ಗೂಡನ್ನು ಮುಟ್ಟಿದರೂ ಅದು ಹಾಗೆಯೇ ಬಾಯಿ ತೆರೆಯುವದು.

ಈ ವಿಷಯವನ್ನು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಹಾಲೆಂಡ್ ದೇಶದ ನಿಕೋ ಟಿನ್‌ಬರ್ಗೆನ್ ಎಂಬ ಪಂಡಿತರು ಮುಖ್ಯರು. ಇವರು ಕ್ಯೂನೆನ್ ಎಂಬವರೊಡನೆ ಕೂಡಿ ಮಾಡಿದ ಪರೀಕ್ಷೆಗಳು 1939ನೆಯ ಇಸವಿಯಲ್ಲಿ ಪ್ರಕಟವಾದವು. ಅವರು ನೋಡಿದ್ದೇನಂದರೆ: ಮರಿಗಳು ಕಣ್ಣು ಕಾಣದಿರುವಾಗ ತಾಯಿ ಯಾವ ಕಡೆಯಲ್ಲಿದ್ದರೂ ನೆಟ್ಟಗೆ ಮೇಲಕ್ಕೇ ಬಾಯಿ ತೆರೆಯುವವು. ಕಣ್ಣು ತೆರೆದು ಕೆಲವು ದಿವಸಗಳಾದ ಮೇಲೆ ಮಾತ್ರ ತಾಯಿಯ ತಲೆಯಿರುವ ಕಡೆಗೆ ಬಾಯಿ ತಿರುಗಿಸುವವು. ಹಾಗಾದರೆ ತಲೆ ಯಾವದೆಂದು ಅವುಗಳಿಗೆ ಹೇಗೆ ತಿಳಿಯುತ್ತದೆ? ಇದಕ್ಕಾಗಿ ಅವರು ದುಂಡಗಿನ ಬಿಲ್ಲೆಗಳನ್ನು ಜೋಡಿಸಿ ಹಕ್ಕಿಯ ಬದಲಿಗೆ ಗೂಡಿನ ಬಳಿ ಹಿಡಿದರು. ಮರಿಗಳು ದೊಡ್ಡ ಬಿಲ್ಲೆಯನ್ನು ಮೈಯೆಂದೂ ಅದಕ್ಕೆ ತಕ್ಕ ಅಳತೆಯ ಚಿಕ್ಕ ಬಿಲ್ಲೆಯನ್ನು ತಲೆಯೆಂದೂ ಎಣಿಸಿ ಆ ಚಿಕ್ಕದರ ಕಡೆಗೆ ಬೇಡಿದವು. ಮೂಗು, ಕಣ್ಣು, ಗರಿ ಒಂದೂ ಬೇಕಾಗಲಿಲ್ಲ. ಹೀಗೆ ಮರಿಯು ಯಾರಿಂದಲೂ ಕಲಿಯದೆ ತನ್ನೊಳಗೇ ಹೊಂದಿರುವ ಅರಿವು ಎಷ್ಟು ಸರಳವಾದದ್ದೆಂದು ತಿಳಿದುಬಂತು. ಪ್ರಾಣಿಗಳ ನಡತೆಯನ್ನು ಕುರಿತ ಇಂಥ ಶೋಧನೆಗಳಿಗೋಸ್ಕರ ಟಿನ್‌ಬರ್ಗೆನ್ನರಿಗೆ 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವು ದೊರೆಯಿತು.

ಮರಿಯ ಬಾಯಿ ಸಹ ಬೇಡುವ ಸಾಧನವಾಗಿದೆ. ತೆರೆದ ಬಾಯ ಒಳಗೆ ಕೆಂಪು, ಗುಲಾಬಿ ಇಲ್ಲವೆ ಹಳದಿ ಬಣ್ಣವಿರುವದು. ಗುಬ್ಬಚ್ಚಿಯ ಮರಿಗೆ ಬಾಯಂಚಿನ ಎರಡು ಕಡೆಯಲ್ಲಿಯೂ ದಪ್ಪನಾದ ಹಳದಿ ಪಟ್ಟಿಯುಂಟು. ಮಾಡಿನ ಸಂದಿಯ ಮಬ್ಬುಗತ್ತಲೆಯಲ್ಲಿ ತಾಯಿಗೆ ಇದು ಗುರುತಾಗುವದು. ತಾಯಿಯು ಹುಳುವನ್ನು ಆ ಬಣ್ಣದ ನಡುವೆ ಇಡುವದು. ಹೊಟ್ಟೆ ತುಂಬಿದ ಮರಿ ಬಾಯಿ ತೆರೆದರೂ ಬೇಗನೆ ನುಂಗದು. ಆಗ ತಾಯಿಯು ಇಟ್ಟದ್ದನ್ನು ತಿರಿಗಿ ತೆಗೆದು ಇನ್ನೊಂದರ ಬಾಯಿಗೆ ಕೊಡುವದುಂಟು.

ಎಲ್ಲಾ ಜಾತಿಗಳೂ ಒಂದೇ ರೀತಿಯಲ್ಲಿ ಬೇಡುವದಿಲ್ಲ. ಪಾರಿವಾಳ, ಬೆಳವಗಳ ಮರಿಯು ಬಾಯಿ ತೆರೆದು ಕಾಯುವದರ ಬದಲಾಗಿ ತನ್ನ ಕೊಕ್ಕನ್ನೇ ತಾಯಿತಂದೆಗಳ ಬಾಯೊಳಗೆ ಹೊಗಿಸಿ, ಅವುಗಳ ಗಂಟಲ ಚೀಲದಲ್ಲಿ ಉಂಟಾಗುವ ಹಾಲಿನಂಥ ಗಟ್ಟಿ ರಸವನ್ನು ಕುಡಿಯುವದು. ಈ ರಸವು ತಾಯಿಯಲ್ಲಿ ಮಾತ್ರವಲ್ಲ, ತಂದೆಯಲ್ಲಿಯೂ ಉಂಟಾಗುವದು ಆಶ್ಚರ್ಯವೇ ಸರಿ. ಬೆಳ್ಳಕ್ಕಿಯ ಮರಿಯು ತಾಯಿಯ ಕೊಕ್ಕನ್ನು ಅಡ್ಡಲಾಗಿ ಕಚ್ಚಿ ಎಳೆಯುವದು; ಇದನ್ನು ಶ್ರೀರಂಗಪಟ್ಟಣದ ಬಳಿ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ನೋಡಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲಿಯೇ ಮರಿಮಾಡುವ ಹೆಜ್ಜಾರ್ಲೆಯ ಮರಿಯು ತಾಯಿಯ ಕೊಕ್ಕಿನ ಕೆಳಗಿರುವ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನನ್ನು ತಿನ್ನುವದು.

3. ಬೇಡುವದರ ಕಾರಣ

ನಾಲ್ಕು ಮರಿಗಳುಳ್ಳ ಒಂದು ಗೂಡನ್ನು ಭಾವಿಸೋಣ. ತಾಯಿಯು ಒಂದು ಮಿಡತೆಯನ್ನು ತಂದಿದೆ. ಯಾವ ಮರಿಗೆ ಕೊಡಬೇಕು? ಈಗ ಕೊಟ್ಟು ಹೋದ ತಂದೆಯು ಯಾವದಕ್ಕೆ ಕೊಟ್ಟಿತೆಂಬದು ತಾಯಿಗೆ ತಿಳಿಯದು. ಮರಿಗಳ ಹೊಟ್ಟೆಯೊಳಗೆ ಇಣಿಕಿ ನೋಡಲೂ ಆಗದು. ಆದದರಿಂದ ಮರಿಯು ತನ್ನ ಹಸಿವಿನ ವರ್ತಮಾನವನ್ನು ತಾನೇ ಹೊರಗೆ ತಿಳಿಸಬೇಕು. ಕತ್ತು ಚಾಚುವದು, ಬಾಯಿ ತೆರೆಯುವದು, ಕೂಗುವದು, ರೆಕ್ಕೆ ನಡುಗಿಸುವದು ಇವೆಲ್ಲವೂ ಆ ವರ್ತಮಾನವೇ.

ಇದಕ್ಕೆ ಸಾಕ್ಷಿಗಳುಂಟು. ಒಂದು ಮರಿಗೆ ಸ್ವಲ್ಪ ಹೊತ್ತು ಆಹಾರವಿಲ್ಲದಂತೆ ಮಾಡಿದರೆ ಅದು ಹೆಚ್ಚಾಗಿ ಕೂಗುವದು; ತಿಂದ ಮೇಲೆ ಕಡಿಮೆ ಕೂಗುವದು. ಕೂಗು ಹೆಚ್ಚಿದರೆ ತಾಯಿತಂದೆಗಳು ತರುವದೂ ಹೆಚ್ಚುವದು. ಫಿನ್‌ಲೆಂಡ್ ದೇಶದ ಫಾನ್ ಹಾರ್ಟ್‌ಮನ್ ಎಂಬವರು 1953ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ಪ್ರಸಿದ್ಧವಾಗಿದೆ. ಅವರು ಗೂಡಿನ ಪೆಟ್ಟಿಗೆಯ ಮರೆಯಲ್ಲಿ ಹಸಿದ ಬೇರೆ ಮರಿಗಳನ್ನು ಅಡಗಿಸಿಟ್ಟರು. ಹಕ್ಕಿಗಳ ಕಣ್ಣಿಗೆ ಬೀಳುತ್ತಿದ್ದದ್ದು ಗೂಡಿನ ಮರಿಗಳು ಮಾತ್ರ. ಕಿವಿಗೆ ಬೀಳುತ್ತಿದ್ದದ್ದಾದರೋ ಅಡಗಿಸಿದವುಗಳ ಕೂಗು ಸಹ. ಆ ಕೂಗಿಗೆ ಓಗೊಟ್ಟು ಅವು ಮುಂಚಿಗಿಂತ ಹೆಚ್ಚು ಸಾರಿ ಆಹಾರವನ್ನು ತಂದವು. ಇಂಗ್ಲೆಂಡಿನ ರೆಬೆಕಾ ಕಿಲ್ನರ್ ಎಂಬ ವಿದ್ವಾಂಸೆಯು 1997ರಲ್ಲಿ ಕನೇರಿ ಎಂಬ ಹಳದಿ ಹಕ್ಕಿಯ ಮರಿಗಳನ್ನು ಕುರಿತು ಇನ್ನೊಂದು ಸಂಗತಿಯನ್ನು ತಿಳಿಸಿದರು: ಹಸಿವು ಹೆಚ್ಚಿದಂತೆ ಬೇಡುವ ಮರಿಯ ಬಾಯ ಒಳಬಣ್ಣವು ಹೆಚ್ಚು ಕೆಂಪಾಗುವದು, ಮತ್ತು ತಾಯಿತಂದೆಗಳು ಹೆಚ್ಚು ಕೆಂಪಾದ ಬಾಯಿಗೆ ಹೆಚ್ಚು ಕೊಡುವವು.

ಈ ಕೂಗಿನಿಂದ ಎರಡು ಕೆಲಸಗಳು ನಡೆಯುವವು. ಮೊದಲನೆಯದು, ಎಷ್ಟು ತರಬೇಕೆಂಬದು ಗೂಡಿನ ಒಟ್ಟು ಗದ್ದಲದಿಂದ ತಾಯಿತಂದೆಗಳಿಗೆ ತಿಳಿಯುವದು. ಎರಡನೆಯದು, ತಂದದ್ದನ್ನು ಯಾರಿಗೆ ಕೊಡಬೇಕೆಂಬದು ಒಂದೊಂದು ಮರಿಯ ಬೇಡಿಕೆಯಿಂದ ತಿಳಿಯುವದು.

4. ಕೂಗಿಗೆ ತಗಲುವ ಬೆಲೆ

ಇಲ್ಲಿ ಒಂದು ಕಷ್ಟವಾದ ಪ್ರಶ್ನೆಯೇಳುತ್ತದೆ. ಹೆಚ್ಚು ಕೂಗಿದವನಿಗೆ ಹೆಚ್ಚು ದೊರೆಯುವದಾದರೆ ಪ್ರತಿಯೊಂದು ಮರಿಯೂ ಹಸಿವಿದ್ದರೂ ಇಲ್ಲದಿದ್ದರೂ ಗಂಟಲು ಹರಿಯುವಂತೆ ಕೂಗಬೇಕಾಗಿತ್ತು. ಅಮೇರಿಕದ ರಾಬರ್ಟ್ ಟ್ರಿವರ್ಸ್ ಎಂಬವರು 1974ರಲ್ಲಿ ಇದರ ಮೂಲವನ್ನು ತೋರಿಸಿದರು. ತಾಯಿಗೆ ನಾಲ್ಕು ಮರಿಗಳೂ ಸಮಾನ. ಮುಂದಿನ ವರುಷ ಹುಟ್ಟುವವುಗಳಿಗಾಗಿಯೂ ಅದು ತನ್ನ ಬಲವನ್ನು ಉಳಿಸಿಕೊಳ್ಳಬೇಕು. ಮರಿಗಾದರೋ ತನ್ನ ಪ್ರಾಣವು ಒಡಹುಟ್ಟಿದವುಗಳ ಪ್ರಾಣಕ್ಕಿಂತ ಹತ್ತಿರದ್ದು. ಆದದರಿಂದ ತಾಯಿಯು ಕೊಡಲು ಒಪ್ಪುವದಕ್ಕಿಂತ ಸ್ವಲ್ಪ ಹೆಚ್ಚನ್ನೇ ಮರಿಯು ಬಯಸುವದು. ನಮ್ಮ ಮನೆಗಳಲ್ಲಿ ಮುದ್ದೆಯ ತಟ್ಟೆಗಳ ಸುತ್ತ ಕುಳಿತ ಮಕ್ಕಳನ್ನು ಕಂಡ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ.

ಹೀಗಿದ್ದರೂ ಕೂಗು ಬಹುಮಟ್ಟಿಗೆ ಸತ್ಯವಾಗಿಯೇ ಉಳಿದಿದೆ. ಯಾಕಂದರೆ ಕೂಗುವದಕ್ಕೆ ಬೆಲೆಯುಂಟು. ಕಿಲ್ನರ್ ಅವರು 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದೇ ಗೂಡಿನ ಕನೇರಿ ಮರಿಗಳಿಗೆ ಸಮನಾಗಿ ಆಹಾರವನ್ನು ಕೊಟ್ಟು, ಕೆಲವನ್ನು ಮಾತ್ರ ಹೆಚ್ಚು ಹೊತ್ತು ಬೇಡುವಂತೆ ಮಾಡಲಾಯಿತು. ಹೆಚ್ಚು ಹೊತ್ತು ಬೇಡಿದ ಮರಿಗಳು ಕಡಿಮೆ ಬೆಳೆದವು. ಇನ್ನೊಂದು ಬೆಲೆಯು ಇದಕ್ಕಿಂತ ಭಯಂಕರವಾದದ್ದು. ಅಮೇರಿಕದ ಹ್ಯಾಸ್ಕೆಲ್ ಎಂಬವರು 1994ರಲ್ಲಿ ಮರಿಯಿಲ್ಲದ ಕೃತಕ ಗೂಡುಗಳನ್ನಿಟ್ಟು, ಕೆಲವುಗಳ ಬಳಿ ಮರಿಗಳ ಕೂಗನ್ನು ಯಂತ್ರದಿಂದ ಕೇಳಿಸಿದರು. ನೆಲದ ಮೇಲಿಟ್ಟ ಗೂಡುಗಳಲ್ಲಿ ಕೂಗು ಕೇಳಿಬಂದವುಗಳು ನಿಶ್ಶಬ್ದವಾದವುಗಳಿಗಿಂತ ಹೆಚ್ಚಾಗಿ ಶತ್ರುಗಳ ಪಾಲಾದವು.

ಆದಕಾರಣ ಹೊಟ್ಟೆ ತುಂಬಿದ ಮರಿಯು ಸುಮ್ಮನೆ ಕೂಗಿದರೆ ಅದಕ್ಕೆ ಲಾಭ ಸ್ವಲ್ಪ, ಅಪಾಯ ಬಹಳ. ಹಸಿದು ಸಾಯುವ ಮರಿಗಾದರೋ ಆ ಬೆಲೆಯನ್ನು ತೆತ್ತಾದರೂ ಕೂಗುವದು ಲಾಭವೇ. ಕೂಗಿದರೆ ಕಷ್ಟವುಂಟಾಗುವದರಿಂದಲೇ ಕೂಗು ನಂಬತಕ್ಕದ್ದಾಗಿದೆ ಎಂಬದನ್ನು ಇಂಗ್ಲೆಂಡಿನ ಗಾಡ್‌ಫ್ರೇ ಎಂಬವರು 1991ರಲ್ಲಿ ಲೆಕ್ಕದ ಮೂಲಕ ವಿವರಿಸಿದರು. ಮಾತ್ರವಲ್ಲದೆ, ಪಕ್ಕದಲ್ಲಿರುವವು ಒಡಹುಟ್ಟಿದ ಮರಿಗಳು. ಗೂಡಿಗೆ ಹಾವು ಬಂದರೆ ಎಲ್ಲಕ್ಕೂ ನಾಶನ. ಶತ್ರುವನ್ನು ಕಂಡು ತಾಯಿಯು ಎಚ್ಚರಿಕೆಯ ಧ್ವನಿಯನ್ನು ಮಾಡಿದರೆ ಎಷ್ಟೋ ಜಾತಿಗಳ ಮರಿಗಳು ಕೂಡಲೆ ಬಾಯಿ ಮುಚ್ಚಿ ಗೂಡಿನ ತಳಕ್ಕೆ ಅಡಗಿಕೊಳ್ಳುವವು.

ನಮ್ಮ ಹಳೆಯ ಕಟ್ಟಡಗಳಲ್ಲಿ ಗೂಡುಮಾಡುವ ಕಣಜಗೂಬೆಯ ಮರಿಗಳು ಇನ್ನೂ ಒಂದು ಉಪಾಯವನ್ನು ಮಾಡುವವು. ಸ್ವಿಟ್ಜರ್ಲೆಂಡ್ ದೇಶದಲ್ಲಿ ಇದನ್ನು ವಿಸ್ತಾರವಾಗಿ ಪರಿಶೋಧಿಸಿದ್ದಾರೆ. ತಾಯಿತಂದೆಗಳು ಇಲಿಯನ್ನು ಹಿಡಿಯಲು ಹೋಗಿರುವಾಗ ಮರಿಗಳು ತಮ್ಮತಮ್ಮೊಳಗೇ ಕೂಗಿಕೊಳ್ಳುವವು. ಹೆಚ್ಚು ಹಸಿದದ್ದು ಹೆಚ್ಚು ಕೂಗುವದು. ಕಡಿಮೆ ಹಸಿದದ್ದು ಅದನ್ನು ಕೇಳಿ ಹಿಂದೆಗೆಯುವದು. ಒಂದು ಇಲಿಯನ್ನು ನಾಲ್ಕು ಪಾಲು ಮಾಡಲಾಗದಷ್ಟೆ! ಆದದರಿಂದ ಮೊದಲೇ ತೀರ್ಮಾನಮಾಡಿಕೊಂಡರೆ ವ್ಯರ್ಥವಾದ ಜಗಳವು ತಪ್ಪುವದು.

5. ಎಲ್ಲಕ್ಕೂ ಸಾಲದೆ ಹೋದಾಗ

ಗೂಡೆಂದರೆ ಬರೀ ಪ್ರೀತಿಯ ಬೀಡೆಂದು ಹೇಳಿದರೆ ಈ ಪಾಠವು ಸತ್ಯವಾಗದು. ಕಾಗೆ, ಹದ್ದು, ಗೂಬೆ, ಬೆಳ್ಳಕ್ಕಿ ಇವು ಎಲ್ಲಾ ಮೊಟ್ಟೆಗಳನ್ನಿಡುವದಕ್ಕೆ ಮುಂಚೆಯೇ ಕಾವಿಗೆ ಕೂಡ್ರುವದರಿಂದ ಮರಿಗಳು ಒಂದೇ ದಿವಸದಲ್ಲಿ ಹೊರಬರುವದಿಲ್ಲ. ಮೊದಲು ಬಂದದ್ದು ದೊಡ್ಡದಾಗಿರುವದು, ಕಡೆಯದು ಸಣ್ಣದಾಗಿರುವದು. ಸುಭಿಕ್ಷಕಾಲದಲ್ಲಿ ಎಲ್ಲವೂ ಬದುಕುವವು. ಅಭಾವಕಾಲದಲ್ಲಿ ದೊಡ್ಡವು ಕತ್ತನ್ನು ಎತ್ತರಕ್ಕೆ ಚಾಚಿ ಮುಂದಾಗಿ ಸಿಕ್ಕಿದ್ದನ್ನು ನುಂಗುವವು; ಕಡೆಯದು ಎಷ್ಟು ಕೂಗಿದರೂ ದೊರೆಯದೆ ಸಾಯುವದುಂಟು.

ತಾಯಿಯು ಬೇಡಿಕೆಯನ್ನು ಕೇಳಿ ಕೊಡುವದೋ, ದೊಡ್ಡದನ್ನು ನೋಡಿ ಕೊಡುವದೋ ಎಂಬದರ ವಿಷಯವಾಗಿ ನೂರಕ್ಕೂ ಮಿಕ್ಕ ಹಕ್ಕಿಜಾತಿಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ 2016ರಲ್ಲಿ ಒಂದು ವಿಚಾರವು ಪ್ರಕಟವಾಯಿತು. ಅದರ ಸಾರಾಂಶವೇನಂದರೆ: ಆಹಾರವು ಸಮೃದ್ಧಿಯಾಗಿಯೂ ನಿಶ್ಚಯವಾಗಿಯೂ ದೊರೆಯುವ ಕಡೆಯಲ್ಲಿ ಹಕ್ಕಿಗಳು ಹೆಚ್ಚು ಬೇಡುವ ಮರಿಗೆ ಕೊಡುವವು, ಆಹಾರವು ಕೊರತೆಯಾಗಿ, ನಾಳೆಯ ಗತಿ ತಿಳಿಯದಿರುವ ಕಡೆಯಲ್ಲಿ ಬೇಡಿಕೆಯನ್ನು ಲಕ್ಷಿಸದೆ ದೊಡ್ಡ ಮರಿಗೆ ಕೊಡುವವು. ಮಳೆಯನ್ನೇ ಎದುರುನೋಡುವ ನಮ್ಮ ಸೀಮೆಯವರು ಇದನ್ನು ಬೇಗ ಗ್ರಹಿಸುವರು. ಮಳೆ ಬಂದು ಹುಳುಹುಪ್ಪಟೆ ಹೆಚ್ಚಿದರೆ ಸಣ್ಣ ಮರಿಯ ಕೂಗಿಗೂ ಬೆಲೆ ಬರುವದು. ಮಳೆ ತಪ್ಪಿದರೆ ಆ ಕೂಗು ಕೇಳಿದರೂ ಕೇಳದಂತಾಗುವದು. ಇದು ತಾಯಿಯ ಕ್ರೂರತನವಲ್ಲ. ನಾಲ್ಕನ್ನೂ ಕಳಕೊಳ್ಳುವದಕ್ಕಿಂತ ಎರಡನ್ನಾದರೂ ಉಳಿಸಿಕೊಳ್ಳುವ ದಾರಿ.

6. ಪರರ ಮರಿಯ ಮೊರೆ

ಕೂಗನ್ನು ನಂಬಿ ಕೊಡುವ ಗುಣವಿರುವಲ್ಲಿ ಆ ನಂಬಿಕೆಯನ್ನು ದುಡಿಸಿಕೊಳ್ಳುವವರೂ ಹುಟ್ಟುವರು. ಕೋಗಿಲೆಯು ಗೂಡು ಕಟ್ಟುವದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಇದು ನಮ್ಮ ನಾಡಿನವರಿಗೆ ಬಹುಕಾಲದಿಂದ ಗೊತ್ತಿರುವದರಿಂದಲೇ ಅದಕ್ಕೆ ಪರಭೃತವೆಂಬ ಹೆಸರಾಯಿತು; ಅಂದರೆ ಪರರಿಂದ ಪೋಷಿಸಲ್ಪಟ್ಟದ್ದು. ಕೋಗಿಲೆಯ ಮೊಟ್ಟೆಯು ಕಾಗೆಯದಕ್ಕಿಂತ ಚಿಕ್ಕದಾದರೂ ಬಣ್ಣದಲ್ಲಿ ಅದನ್ನು ಹೋಲುವದು. ಅದು ಕಾಗೆಯ ಮೊಟ್ಟೆಗಳಿಗಿಂತ ಸುಮಾರು ಮೂರು ದಿವಸ ಮುಂಚೆಯೇ ಒಡೆಯುವದು. ಹೀಗೆ ಪರರ ಮರಿಯು ಮೊದಲು ಬಂದು ಮೊದಲು ಬೇಡಲಾರಂಭಿಸುವದು. ಮೊದಲಲ್ಲಿ ಅದರ ಕೂಗೂ ಕಾಗೆಮರಿಯ ಕೂಗಿನಂತೆಯೇ ಇರುವದು. ಎಳೆಯ ಗರಿಗಳೂ ಹೆಚ್ಚಾಗಿ ಕಪ್ಪಾಗಿರುವವು. ನಮ್ಮ ಕೋಗಿಲೆಯ ಮರಿಯು ಕಾಗೆಮರಿಗಳನ್ನು ಯಾವಾಗಲೂ ಹೊರಗೆ ತಳ್ಳುವದಿಲ್ಲ. ಎರಡೂ ಒಂದೇ ಗೂಡಿನಲ್ಲಿ ಬೆಳೆಯುವದುಂಟು.

ಯೂರೋಪಿನ ಕೋಗಿಲೆಯು ಇದಕ್ಕಿಂತ ಕಠಿನವಾದದ್ದು. ಅದರ ಮರಿಯು ಕಣ್ಣು ತೆರೆಯುವದಕ್ಕೆ ಮುಂಚೆಯೇ ಗೂಡಿನ ಬೇರೆ ಮೊಟ್ಟೆ ಮರಿಗಳನ್ನು ಬೆನ್ನಿನಿಂದ ಎತ್ತಿ ಹೊರಗೆ ಹಾಕುವದು. ಒಂದೇ ಉಳಿದ ಮೇಲೆ ಒಂದೇ ಬಾಯಿಯಿಂದ ಸಾಕಷ್ಟು ಆಹಾರವನ್ನು ತರಿಸಿಕೊಳ್ಳುವದು ಹೇಗೆ? ಕೇಂಬ್ರಿಜ್ ವಿಶ್ವವಿದ್ಯಾಲಯದ ಡೇವಿಸ್, ಕಿಲ್ನರ್, ನೋಬಲ್ ಎಂಬವರು 1998ರಲ್ಲಿಯೂ 1999ರಲ್ಲಿಯೂ ಇದಕ್ಕೆ ಉತ್ತರವನ್ನು ಕೊಟ್ಟರು. ಆ ಮರಿಯು ಬಹು ಬೇಗಬೇಗನೆ ಕೂಗಿ, ಗೂಡಿನ ತುಂಬ ಮರಿಗಳು ಒಟ್ಟಾಗಿ ಕೂಗಿದಂತೆ ಕೇಳಿಸುವದು. ಸಾಕುವ ಹಕ್ಕಿಯು ಕಣ್ಣಿಗೆ ಒಂದು ಬಾಯನ್ನು ಕಂಡರೂ ಕಿವಿಗೆ ಅನೇಕವನ್ನು ಕೇಳಿ ದುಡಿಯುವದು. ಜಪಾನ್ ದೇಶದಲ್ಲಿರುವ ಕೋಗಿಲೆಯ ಇನ್ನೊಂದು ಜಾತಿಯ ಮರಿಯ ರೆಕ್ಕೆಯ ಒಳಗೆ ಬಾಯ ಬಣ್ಣದ ಹಳದಿ ಮಚ್ಚೆಯುಂಟು. ಅದು ರೆಕ್ಕೆಯನ್ನೆತ್ತಿ ಅಲುಗಿಸಿ, ಇನ್ನೂ ಬಾಯಿಗಳಿರುವಂತೆ ತೋರಿಸುವದೆಂದು 2005ರಲ್ಲಿ ಪ್ರಕಟವಾಯಿತು.

ನಮ್ಮ ಹೊಲಗಳ ಬೇಲಿಗಳಲ್ಲಿಯೂ ಇಂಥದನ್ನು ನೋಡಬಹುದು. ಏಳೆಂಟು ಕೂಡಿ ನೆಲದ ಮೇಲೆ ತರಗೆಲೆಗಳನ್ನು ಕೆದಕುತ್ತಾ ಗಲಗಲ ಎನ್ನುವ ಹರಟೆಮಲ್ಲನ ಗೂಡಿನಲ್ಲಿ ಚಾತಕಪಕ್ಷಿಯು ಮೊಟ್ಟೆಯಿಡುವದು. ಹರಟೆಮಲ್ಲಗಳಲ್ಲಿ ತಾಯಿತಂದೆಗಳು ಮಾತ್ರವಲ್ಲದೆ ಗುಂಪಿನ ಬೇರೆ ಹಕ್ಕಿಗಳೂ ಮರಿಗಳಿಗೆ ಆಹಾರವನ್ನು ಕೊಡುವವು. ಅವೆಲ್ಲವೂ ಕೂಡಿ ಆ ಪರರ ಮರಿಯನ್ನು ಸಾಕುವವು.

ಕಾಗೆಯು ಜಾಣ ಹಕ್ಕಿಯಾಗಿದ್ದೂ ಹೀಗೆ ಮೋಸಹೋಗುವದೇಕೆ ಎಂದು ಕೆಲವರು ಕೇಳಬಹುದು. ಬೇಡುವ ಬಾಯನ್ನು ಕಂಡಾಗಲೆಲ್ಲಾ ಸಂಶಯಪಟ್ಟು ಕೊಡದೆಹೋಗುವ ಕಾಗೆಯು ಒಂದು ದಿವಸ ತನ್ನ ಸ್ವಂತ ಮರಿಯನ್ನೇ ಹಸಿವೆಯಿಂದ ಸಾಯಿಸೀತು. ಸಂಶಯದಿಂದ ಸ್ವಂತ ಮರಿಯನ್ನು ಕಳಕೊಳ್ಳುವ ನಷ್ಟವು ನಂಬಿಕೆಯಿಂದ ಪರರ ಮರಿಯನ್ನು ಸಾಕುವ ನಷ್ಟಕ್ಕಿಂತ ದೊಡ್ಡದು. ಎಲ್ಲಾ ಗೂಡುಗಳನ್ನೂ ಎಣಿಸಿದರೆ ಬೇಡುವ ಮರಿಯು ತನ್ನದೇ ಆಗಿರುವದು ಹೆಚ್ಚು. ಆದದರಿಂದ ಮೋಸಗಾರರಿದ್ದಾಗ್ಯೂ ಕೂಗಿಗೆ ಓಗೊಡುವ ಗುಣವು ನಿಂತಿದೆ.

7. ಗೂಡನ್ನು ಬಿಟ್ಟ ಮೇಲೆ

ಮರಿಯು ಗೂಡನ್ನು ಬಿಟ್ಟ ದಿವಸವೇ ಬೇಡುವದನ್ನು ಬಿಡುವದಿಲ್ಲ. ಗರಿ ತುಂಬಿದ ಗೊರವಂಕದ ಮರಿಯೂ ಪಿಕಳಾರದ ಮರಿಯೂ ತಾಯಿಯ ಹಿಂದೆ ಕೊಂಬೆಯಿಂದ ಕೊಂಬೆಗೆ ಹೋಗುತ್ತಾ, ಮೈಯನ್ನು ತಗ್ಗಿಸಿ, ರೆಕ್ಕೆಗಳನ್ನು ನಡುಗಿಸಿ ಕೂಗುತ್ತಲೇ ಇರುವವು. ಆಗ ಅವು ಇನ್ನೂ ಸರಿಯಾಗಿ ಹಾರಲಾರದೆ ನೆಲದ ಮೇಲೆ, ಬೇಲಿಯ ಬುಡದಲ್ಲಿ ಕುಳಿತಿರುವವು. ತಾಯಿತಂದೆಗಳು ಹತ್ತಿರದಲ್ಲೇ ಇದ್ದು ಆಗಾಗ ಬಂದು ಕೊಡುವವು. ದಿವಸಗಳು ಕಳೆದಂತೆ ಅವು ಕೊಡುವದನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆಮಾಡಿ ಕೂಗಿದರೂ ಹಾರಿಹೋಗುವವು. ಮರಿಯು ತಾನೇ ಹುಡುಕಿ ತಿನ್ನಲು ಕಲಿಯುವದು. ಗೂಡನ್ನು ಬಿಟ್ಟ ಕೋಗಿಲೆಮರಿಯೂ ಕೆಲವು ಕಾಲ ಕಾಗೆಯ ಬಳಿಯಲ್ಲಿಯೇ ಬೇಡುತ್ತಿರುವದನ್ನು ಊರ ಮರಗಳಲ್ಲಿ ಕಾಣಬಹುದು.

8. ನಾವು ಮಾಡತಕ್ಕದ್ದು

ಮೇಲೆ ಹೇಳಿದ್ದನ್ನು ತಿಳಿದವರು ಮರಿಗಳ ವಿಷಯದಲ್ಲಿ ಈ ಮುಂದಿನವುಗಳನ್ನು ಜ್ಞಾಪಕದಲ್ಲಿಡತಕ್ಕದ್ದು.

ಮೊದಲನೆಯದು. ಗರಿ ತುಂಬಿದ ಮರಿಯು ನೆಲದ ಮೇಲೆ ಕುಳಿತು ಕೂಗುತ್ತಿದ್ದರೆ ಅದು ದಿಕ್ಕಿಲ್ಲದ್ದೆಂದು ಎಣಿಸಿ ಮನೆಗೆ ತರಬಾರದು. ಅದು ಕೂಗುವದು ನಮ್ಮನ್ನಲ್ಲ, ತನ್ನ ತಾಯಿಯನ್ನು. ನಾವು ದೂರ ಹೋದರೆ ತಾಯಿ ಬರುವದು. ನಾಯಿ ಬೆಕ್ಕುಗಳ ಭಯವಿದ್ದರೆ ಹತ್ತಿರದ ಪೊದೆಯ ಇಲ್ಲವೆ ಕೊಂಬೆಯ ಮೇಲೆ ಕೂಡ್ರಿಸಿದರೆ ಸಾಕು.

ಎರಡನೆಯದು. ಗರಿ ಬಾರದ ಎಳೆಯ ಮರಿಯು ಕೆಳಗೆ ಬಿದ್ದಿದ್ದು ಗೂಡು ಕಾಣುವಂತಿದ್ದರೆ ಮೆಲ್ಲನೆ ಎತ್ತಿ ಗೂಡಿನಲ್ಲಿಯೇ ಇಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿಯು ಸೇರಿಸುವದಿಲ್ಲವೆಂಬ ಮಾತು ನಿಜವಲ್ಲ. ತಾಯಿಯು ಓಗೊಡುವದು ತೆರೆದ ಬಾಯಿಗೂ ಕೂಗಿಗೂ. ನಮ್ಮ ಕೈವಾಸನೆಯ ಕಾರಣದಿಂದ ಅದು ಮರಿಯನ್ನು ತ್ಯಜಿಸದು.

ಮೂರನೆಯದು. ಬಾಯಿ ತೆರೆದಿದೆಯೆಂದು ಅದರೊಳಗೆ ನೀರನ್ನಾಗಲಿ ಹಸುವಿನ ಹಾಲನ್ನಾಗಲಿ ಹೊಯ್ಯಬಾರದು. ನೀರು ಉಸಿರಿನ ಕೊಳವೆಗೆ ಇಳಿದು ಮರಿ ಸಾಯುವದು. ಹಾಲು ಹಕ್ಕಿಗೆ ಒಗ್ಗುವದಿಲ್ಲ.

ನಾಲ್ಕನೆಯದು. ಹುಡುಗರು ಕೂಗಿನ ಜಾಡನ್ನು ಹಿಡಿದು ಪೊಟರೆಗಳಿಂದ ಗಿಳಿಮರಿಗಳನ್ನು ತೆಗೆಯುವದನ್ನು ಹಿರಿಯರು ತಡೆಯಬೇಕು. ಇದು 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಶತ್ರುವಿನ ಭಯವನ್ನು ಸಹಿಸಿ ತಾಯಿಗೋಸ್ಕರ ಮಾಡಿದ ಕೂಗನ್ನು ಮರಿಯ ಸೆರೆಗೆ ದಾರಿಮಾಡಿಕೊಳ್ಳುವದು ನಮಗೆ ತಕ್ಕದ್ದೇ ಎಂದು ಆ ಹುಡುಗರನ್ನೇ ಕೇಳಬೇಕು.

ಐದನೆಯದು. ಮರಿಗಳಿರುವ ಕಾಲದಲ್ಲಿ ಹೊಲಕ್ಕೆ ವಿಷದ ಔಷಧವನ್ನು ಅಗತ್ಯವಿಲ್ಲದೆ ಸಿಂಪಡಿಸಬಾರದು. ಹುಳುವಿಲ್ಲದೆ ಗುಬ್ಬಚ್ಚಿಯ ಮರಿ ಬದುಕದು. ವಿಷದ ಹುಳುವನ್ನು ತಿಂದರೂ ಬದುಕದು.

ಇದಕ್ಕೆ ದೂರದ ಮಾದರಿ ಬೇಕಾಗಿಲ್ಲ. ಮೇಲೆ ಹೇಳಿದ ಕೊಕ್ಕರೆ ಬೆಳ್ಳೂರಿನವರು ತಮ್ಮ ಹುಣಿಸೆಮರಗಳಲ್ಲಿ ಹೆಜ್ಜಾರ್ಲೆ ಕೊಕ್ಕರೆಗಳು ಗೂಡುಕಟ್ಟುವದನ್ನು ತಲೆತಲಾಂತರದಿಂದ ಸಹಿಸಿ ಬಂದಿದ್ದಾರೆ. ಹಕ್ಕಿಗಳ ಹಿಕ್ಕೆಯಿಂದ ಹುಣಿಸೆಯ ಫಸಲು ಕೆಡುವದು, ಅಂಗಳವು ನಾರುವದು, ಮರಿಗಳ ಗದ್ದಲವು ಬೇರೆ. ಆದಾಗ್ಯೂ ಆ ಗದ್ದಲವನ್ನು ಅವರು ಓಡಿಸಲಿಲ್ಲ. 1990ರ ತರುವಾಯದ ವರುಷಗಳಲ್ಲಿ ಅಲ್ಲಿನ ಯೌವನಸ್ಥರು ಹೆಜ್ಜಾರ್ಲೆ ಬಳಗವೆಂಬ ಗುಂಪನ್ನು ಕಟ್ಟಿಕೊಂಡು, ಮರದಿಂದ ಬಿದ್ದ ಮರಿಗಳನ್ನು ಆವರಣದೊಳಗಿಟ್ಟು, ಮೀನನ್ನು ತಿನ್ನಿಸಿ, ಹಾರುವ ಬಲ ಬಂದ ಮೇಲೆ ಬಿಡುತ್ತಾ ಬಂದರು. ತಾಯಿಗೆ ಎತ್ತಿಕೊಳ್ಳಲಾಗದ ಮರಿಯ ಕೂಗಿಗೆ ಊರೇ ಓಗೊಟ್ಟಿತು.

ಮರಿಯು ತನ್ನ ಕೊರತೆಯನ್ನು ಮುಚ್ಚಿಡದೆ, ಬೆಲೆ ತೆತ್ತು ತಿಳಿಸುವದು; ತಾಯಿಯು ಕೆಲವು ಸಾರಿ ಮೋಸಹೋದರೂ ಕೇಳುವದನ್ನು ಬಿಡುವದಿಲ್ಲ. ಈ ಎರಡೂ ಕೂಡಿರುವದರಿಂದಲೇ ಗೂಡಿನಲ್ಲಿ ಮರಿಯು ಬೆಳೆಯುವದು. ಹೊಲಕ್ಕೆ ಹೋಗುವಾಗ ಮರದಿಂದ ಆ ಕೂಗು ಕೇಳಿಬಂದರೆ ವಾಚಕರು ಒಂದು ಕ್ಷಣ ನಿಂತು ಕಿವಿಗೊಡಲಿ. ಬಳಿಕ ಮರಿಗಳ ತಾಯಿ ಇಳಿಯುವದಕ್ಕೆ ಎಡೆಕೊಟ್ಟು ಮುಂದಕ್ಕೆ ಹೋಗಲಿ.

ಪ್ರಶ್ನೆಗಳು

(ಮನೆಯಲ್ಲಿಯೂ ಸಂಜೆಯ ಪಾಠಗಳಲ್ಲಿಯೂ ವಿಚಾರಿಸುವದಕ್ಕೆ)

1. ಕೋಳಿಮರಿಗೂ ಗುಬ್ಬಚ್ಚಿಯ ಮರಿಗೂ ಇರುವ ಭೇದವೇನು?

2. ಕಣ್ಣು ತೆರೆಯದ ಮರಿಗೆ ತಾಯಿ ಬಂದದ್ದು ಹೇಗೆ ತಿಳಿಯುತ್ತದೆ?

3. ಹೊಟ್ಟೆ ತುಂಬಿದ ಮರಿಯು ಸುಳ್ಳಾಗಿ ಕೂಗುವದಕ್ಕೆ ಅಡ್ಡಿಗಳಾವವು?

4. ಮಳೆ ತಪ್ಪಿದ ವರುಷದಲ್ಲಿ ಕಡೆಯ ಮರಿಯ ಗತಿ ಏನಾಗುವದು? ಯಾಕೆ?

5. ಕಾಗೆಯು ಕೋಗಿಲೆಯ ಮರಿಯನ್ನು ಸಾಕುವದು ಬುದ್ಧಿಯಿಲ್ಲದ್ದರಿಂದಲೋ? ನಿಮ್ಮ ಉತ್ತರಕ್ಕೆ ಕಾರಣವನ್ನು ಹೇಳಿರಿ.

6. ನೆಲದ ಮೇಲೆ ಕುಳಿತು ಕೂಗುವ ಮರಿಯನ್ನು ಕಂಡರೆ ಏನು ಮಾಡಬೇಕು? ಏನು ಮಾಡಬಾರದು?